ಕೋಳಿಗೂಡಿನಲ್ಲಿ ವಧುಪರೀಕ್ಷೆ

ಜುಲೈ ತಿಂಗಳ ಸುಡುಬಿಸಿಲಿನಲ್ಲಿ, ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಕರಿ ಚರ್ಮದ ಉಡುಪು ತೊಟ್ಟು, ಕಂಕುಳಲ್ಲಿ ಹೆಲ್ಮೆಟ್ಟು ಅವಚಿಕೊಂಡು, ಮೋಟಾರ್‌ಸೈಕಲ್ ವೀರನಾದ ಪ್ರೆಬೆನ್ ಸ್ಕೌ ರೊಕ್ಕಾಸ್ಪಿನಾ ಎಂಬ ಊರಿಗೆ ಬಸ್ಸಿನಲ್ಲಿ ಬಂದಿಳಿದ.

ಹೆಸರಿನಲ್ಲಿ ರೊಕ್ಕ ಇದೆಯೆಂದು ಯಾರೂ ಆಸೆಪಡಬೇಕಾಗಿಲ್ಲ. ಇಟಲಿಯ ಎಮಿಲಿಯಾ ಸೀಮೆಯ ಗುಡ್ಡದ ಪಕ್ಕೆಗೆ ಅಂಟಿಕೊಂಡ ಊರು ಅದು. ಒಂದು ಚರ್ಚು, ಅದರ ಮುಂದೊಂದು ಚೌಕ, ಚೌಕದ ಮೂಲೆಯಲ್ಲಿ ಒರೆಸ್ತೆಯ ಕಾಫಿ ಅಂಗಡಿ. ಅಂಗಡಿಯ ಮಹಡಿಯ ಮೇಲಿನ ಕೋಣೆಯನ್ನು ಪ್ರೆಬೆನ್ ಬಾಡಿಗೆಗೆ ಹಿಡಿದಿದ್ದ.

ಅವನು ಹುಟ್ಟಿ ಬೆಳೆದದ್ದು ಡೆನ್ಮಾರ್ಕಿನಲ್ಲಿ. ದೋಸೆಹಂಚಿನಷ್ಟು ಚಪ್ಪಟೆಯಾದ ನಾಡು. ಅಲ್ಲಿ ರಸ್ತೆ ತಿರುಗುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಬೆಣ್ಣೆ ಕಾರ್ಖಾನೆಯಲ್ಲಿ ಬೆಣ್ಣೆ ತೂಗಿ ತೂಗಿ ತಲೆಗೂದಲು ಕಳೆದುಕೊಂಡವನು ಅವನು. ಕೈ ಬೆಣ್ಣೆಯ ಮೇಲಿದ್ದರೂ ಧ್ಯಾನವೆಲ್ಲ ಇಟಲಿಯ ಕಾರುಗಳ ಮೇಲೆ, ಇಟಲಿಯ ಮೋಟಾರ್‌ಸೈಕಲ್ಲುಗಳ ಮೇಲೆ. ಬೇರೆಯವರ ಮನೆಗೋಡೆಯಲ್ಲಿ ಅಜ್ಜ ಅಜ್ಜಿಯರ ಪಟ ತೂಗುವ ಜಾಗದಲ್ಲಿ ಇವನ ಮನೆಯಲ್ಲಿ ಕಾರ್ಬ್ಯುರೇಟರುಗಳ ಪಟ ತೂಗುತ್ತಿದ್ದವು. ಮದುವೆಯಾಗಲು ಬಿಡುವಾಗಲಿಲ್ಲ. ನಿವೃತ್ತಿಯಾದ ಮರುವಾರವೇ ಸಾಮಾನು ಕಟ್ಟಿ, ಎಂಜಿನ್ನುಗಳ ತವರಿನಲ್ಲೇ ಉಳಿದ ಆಯುಷ್ಯ ಕಳೆಯುತ್ತೇನೆಂದು ಹೊರಟುಬಂದಿದ್ದ.

ಇಟಾಲಿಯನ್ ಭಾಷೆ ಅವನಿಗೆ ನಿರರ್ಗಳವಾಗಿ ಬರುತ್ತಿತ್ತು. ತೊಂದರೆಯೇನೆಂದರೆ, ಅದನ್ನು ಕಲಿತದ್ದು ರಿಪೇರಿ ಪುಸ್ತಕಗಳಿಂದ.

"ಮಾನ್ಯರೇ, ಒಂದು ಕಾಫಿಯನ್ನು ಒದಗಿಸತಕ್ಕದ್ದು," ಎಂದ ಮೊದಲ ದಿನ, ಒರೆಸ್ತೆಯ ಮುಂದೆ ನಿಂತು. "ಬಿಸಿಯಾಗಿರುವಾಗ ಮುಚ್ಚಳವನ್ನು ತೆರೆಯತಕ್ಕದ್ದಲ್ಲ."

ಒರೆಸ್ತೆ ಮೀಸೆ ಹುಟ್ಟುವ ಮೊದಲಿನಿಂದ ಕಾಫಿ ಮಾಡಿದವನು. ಇಷ್ಟು ಗೌರವದಿಂದ ಯಾರೂ ಅವನನ್ನು ಗದರಿಸಿರಲಿಲ್ಲ. ಕಾಫಿ ಕೊಟ್ಟು, ಚರ್ಮದ ಉಡುಪನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ರೇಸಿನವರಾ ನೀವು? ಗಾಡಿ ಎಲ್ಲಿ?"

"ಮುಂದಿನ ಹಂತದಲ್ಲಿ ಜೋಡಿಸಲ್ಪಡುವುದು," ಎಂದ ಪ್ರೆಬೆನ್.

ಸತ್ಯ ಹೇಳಬೇಕೆಂದರೆ, ಪ್ರೆಬೆನ್ ಜೀವಮಾನದಲ್ಲಿ ಮೋಟಾರ್‌ಸೈಕಲ್ ಓಡಿಸಿರಲಿಲ್ಲ. ಎರಡು ಚಕ್ರದ ಮೇಲಿನ ಅವನ ಅನುಭವವೆಲ್ಲ ಮುಂದೆ ಬುಟ್ಟಿಯಿದ್ದ ಒಂದು ಸೈಕಲ್ಲಿನದು. ಇದನ್ನು ಅವನು ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಅಂಥ ಉಡುಪು ತೊಟ್ಟವನನ್ನು ಗಾಡಿ ಓಡಿಸಲು ಬರುತ್ತದೆಯೇ ಎಂದು ಕೇಳುವುದು, ಪಾದ್ರಿಯನ್ನು ಪ್ರಾರ್ಥನೆ ಬರುತ್ತದೆಯೇ ಎಂದು ಕೇಳಿದ ಹಾಗೆ. ಹೀಗಾಗಿ ಅವನು ದಿನವೂ ಅದೇ ಉಡುಪಿನಲ್ಲಿ, ಅದೇ ಹೆಲ್ಮೆಟ್ಟು ಹಿಡಿದು, ಬ್ರೆಡ್ಡು ತರಲು ನಡೆದುಕೊಂಡು ಹೋಗುತ್ತಿದ್ದ. ಊರಿನವರು ದಾರಿ ಬಿಡುತ್ತಿದ್ದರು.

ಬೇಸಿಗೆ ಮುಗಿಯುವ ಹೊತ್ತಿಗೆ ಒರೆಸ್ತೆ ಒಂದು ಗುಟ್ಟು ಹೇಳಿದ. "ಎರ್ಸಿಲಿಯಾ ಸಿನ್ಯೋರಾ ಇದಾರಲ್ಲ, ಮೇಲಿನ ಬೀದಿಯೋರು? ಅವರ ಕೋಳಿಗೂಡಲ್ಲಿ ಒಂದು ಗುತ್ಸಿ ಮೋಟಾರ್‌ಸೈಕಲ್ ಇದೆ. ಕೆಂಪು ಬಣ್ಣದ್ದು, ಹಳೇದು. ಗಂಡ ಅರ್ತೂರೊ ಸತ್ತಾಗಿಂದ ಹಾಗೇ ನಿಂತಿದೆ. ಆದ್ರೆ ಆಸೆ ಇಟ್ಕೋಬೇಡಿ. ಮೈದುನ ಗೌದೆನ್ಸಿಯೊ ಕಾಯ್ತಿದಾನೆ. 'ಅಣ್ಣನ ಗಾಡಿ, ಯಾರೂ ಮುಟ್ಟಬಾರದು' ಅಂತ. ತಾನೂ ಓಡಿಸಲ್ಲ, ಓಡಿಸೋರಿಗೂ ಬಿಡಲ್ಲ."

ಕೆಂಪು ಗುತ್ಸಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಪ್ರೆಬೆನ್ನನಿಗೆ ಉಳಿದ ಮಾತು ಕೇಳಿಸಲಿಲ್ಲ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರಟ.

ಎರ್ಸಿಲಿಯಾ ತುಂಬು ಮೈಯ, ಗಟ್ಟಿ ದನಿಯ ಹೆಂಗಸು. ವಯಸ್ಸು ಎಪ್ಪತ್ತರ ಆಚೆ. ಕರಿ ಚರ್ಮದ ಪರದೇಶಿಯೊಬ್ಬ ಬಾಗಿಲಲ್ಲಿ ನಿಂತು, "ತಮ್ಮ ಹಿಂಭಾಗದ ಕೋಣೆಯ ಪರಿಶೀಲನೆಗೆ ಅನುಮತಿ ನೀಡತಕ್ಕದ್ದು" ಎಂದಾಗ ಆಕೆ ಸುಲಿಯುತ್ತಿದ್ದ ಬಟಾಣಿಯನ್ನು ಪಕ್ಕಕ್ಕಿಟ್ಟು, ಕೋಳಿಗಳನ್ನು ಅಟ್ಟಿ, ಗೂಡಿನ ಬಾಗಿಲು ತೆರೆದಳು. ಮೂಟೆಗಳ ನಡುವೆ, ಗರಿ ಮೆತ್ತಿಕೊಂಡು, ಕೆಂಪು ಗುತ್ಸಿ ನಿಂತಿತ್ತು. ಪ್ರೆಬೆನ್ ಹೆಲ್ಮೆಟ್ಟನ್ನು ಎದೆಗೊತ್ತಿಕೊಂಡು ತಲೆ ಬಾಗಿಸಿದ.

ಗೋಡೆಯಾಚೆ ಪಕ್ಕದ ಮನೆಯ ಜೆಲಿಂದಾ ಬಟ್ಟೆ ಒಣಹಾಕುತ್ತಿದ್ದಳು. ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಇಟಾಲಿಯನ್ನರ ಮಾತಿನಲ್ಲಿ ಮೋಟಾರ್‌ಸೈಕಲ್ಲು ಹೆಣ್ಣು. ನಮ್ಮ ಹಾಗೆ 'ಅದು' ಎಂದು ಕೈತೊಳೆದುಕೊಳ್ಳುವ ಅನುಕೂಲ ಅವರಿಗಿಲ್ಲ. ಹೆಣ್ಣಿಗೆ ಹೇಳುವ 'ಅವಳು' ಎಂಬ ಮಾತೂ ಮರ್ಯಾದೆಯಿಂದ ಹೇಳುವ 'ನೀವು' ಎಂಬ ಮಾತೂ ಅಲ್ಲಿ ಒಂದೇ. ಇಷ್ಟಿದ್ದರೆ ಜೆಲಿಂದಾಳಿಗೆ ಧಾರಾಳವಾಯಿತು.

"ಬಹಳ ಕಾಲದಿಂದ ಒಂಟಿಯಾಗಿ ನಿಲ್ಲಿಸಲ್ಪಟ್ಟಿರುವಳು," ಎಂಬ ಗಂಡುದನಿ ಗೋಡೆ ದಾಟಿ ಬಂತು.

"ಅರ್ತೂರೊ ಹೋದಾಗಿಂದ," ಎಂದಿತು ಎರ್ಸಿಲಿಯಾಳ ದನಿ.

"ಹೊರಮೈ ಉತ್ತಮ ಸ್ಥಿತಿಯಲ್ಲಿದೆ. ಹಿಂಭಾಗವು ದೃಢವಾಗಿದೆ. ಮೃದುವಾದ ಬಟ್ಟೆಯಿಂದ ದಿನವೂ ಒರೆಸತಕ್ಕದ್ದು. ಆರಂಭದ ದಿನಗಳಲ್ಲಿ ಅತಿವೇಗವು ನಿಷಿದ್ಧ."

"ಅಂದ್ರೆ ಇಷ್ಟ ಆಯ್ತು ಅನ್ನಿ."

"ಜೀವಮಾನವಿಡೀ ಇವಳಿಗಾಗಿಯೇ ಕಾದಿದ್ದೆನು!" ಗಂಡುದನಿ ನಡುಗಿತು. "ಇವಳನ್ನು ನನಗೆ ಒಪ್ಪಿಸತಕ್ಕದ್ದು. ಮಳೆಗಾಳಿ ತಾಗದಂತೆ ಇರಿಸಿಕೊಳ್ಳುವೆನು. ಅನ್ಯರು ಕೈ ಹಾಕತಕ್ಕದ್ದಲ್ಲ."

ಎರ್ಸಿಲಿಯಾ ಜೋರಾಗಿ ನಕ್ಕಳು. "ಒಪ್ಪಿಸೋದು ಆಮೇಲೆ. ಮೊದಲು ಕೈ ಹಚ್ಚಿ ನೋಡಿ, ಬಿಸಿ ಏರುತ್ತಾ ಅಂತ. ಮುಂದಿನ ಭಾನುವಾರಕ್ಕೆ ಆಗುತ್ತಾ?"

ಜೆಲಿಂದಾಳ ಕೈಯಿಂದ ಬಟ್ಟೆಯ ಬುಟ್ಟಿ ಜಾರಿತು. ಅದನ್ನು ಎತ್ತಿಕೊಳ್ಳಲು ಅವಳು ನಿಲ್ಲಲಿಲ್ಲ.

ಮುಂದಿನ ಭಾನುವಾರ ಚೌಕದಲ್ಲಿ ಎಂಜಿನ್ನುಗಳ ಆಶೀರ್ವಾದ. ವರ್ಷಕ್ಕೊಮ್ಮೆ ಊರಿನ ಟ್ರ್ಯಾಕ್ಟರು, ಕಾರು, ಮೋಟಾರ್‌ಸೈಕಲ್ಲುಗಳೆಲ್ಲ ಅಲ್ಲಿ ಸೇರುತ್ತವೆ. ಪಾದ್ರಿ ಬಂದು ಒಂದೊಂದಕ್ಕೂ ತೀರ್ಥ ಚಿಮುಕಿಸುತ್ತಾರೆ. ಅದೇ ದಿನ ಎರ್ಸಿಲಿಯಾಳ ಮದುವೆ ಮಾತುಕತೆಯೂ ಪಕ್ಕಾ ಆಗುತ್ತದೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಊರೆಲ್ಲ ಉಂಡಿತು.

ಸಂಜೆ ಕೈಗೆಲ್ಲ ಎಣ್ಣೆ ಬಳಿದುಕೊಂಡು ಪ್ರೆಬೆನ್ ಅಂಗಡಿಗೆ ಬಂದರೆ, ಇದ್ದವರೆಲ್ಲ ಎದ್ದು ನಿಂತರು. ಒರೆಸ್ತೆ ಕೇಳದೆಯೇ ಕೆಂಪು ವೈನು ಸುರಿದ.

"ಭಲೇ ಸಿನ್ಯೋರ್! ನಮ್ಮೂರಿನ ಗಂಡಸರ ಕೈಲಿ ಆಗದ್ದು ನಿಮ್ಮ ಕೈಲಿ ಆಯ್ತು. ಹೇಗನ್ನಿಸ್ತು?"

"ತೂಕ ಹೆಚ್ಚು," ಎಂದ ಪ್ರೆಬೆನ್ ಪ್ರಾಮಾಣಿಕನಾಗಿ. "ಆದರೆ ಆ ತೂಕವೇ ಇವಳ ಸ್ಥಿರತೆಗೆ ಕಾರಣ."

"ನಿಜ, ನಿಜ," ಎಂದು ಗಂಡಸರೆಲ್ಲ ತಂತಮ್ಮ ಹೆಂಡಂದಿರನ್ನು ನೆನೆದು ತಲೆಯಾಡಿಸಿದರು.

"ಸದ್ದನ್ನು ಮಾತ್ರ ಇನ್ನೂ ಕೇಳಿಲ್ಲ. ಭಾನುವಾರ ಕೇಳುವ ನಿರೀಕ್ಷೆಯಿದೆ."

"ಓಹೋ, ಆ ಸದ್ದು!" ಎಂದ ಒರೆಸ್ತೆ. "ಅರ್ತೂರೊ ಇದ್ದಾಗ ನೆಮ್ಮದಿಯಾಗಿ ಯಾರಿಗೆ ನಿದ್ದೆ ಬರ್ತಿತ್ತು? ಗುಡ್ಡದ ಕೆಳಗಿನವರೆಗೂ ಕೇಳ್ತಿತ್ತು."

ಪ್ರೆಬೆನ್ನನ ಕಣ್ಣು ತೇವವಾಯಿತು. ಒಂದು ಹಳೆಯ ಗಾಡಿಗಾಗಿ ಊರಿಗೆ ಊರೇ ಇಷ್ಟು ಸಂಭ್ರಮಪಡುವ ನಾಡು ಇದೊಂದೇ ಎಂದು ಅವನಿಗೆ ಖಾತ್ರಿಯಾಯಿತು.

ಮರುದಿನ ಪಾದ್ರಿ ಲಂಬೆರ್ತೊ ಅವನನ್ನು ಚರ್ಚಿನ ಹಿತ್ತಲಿಗೆ ಕರೆಸಿಕೊಂಡರು. ಸಣಕಲು ಮೈಯ, ನಿಧಾನದ ಮನುಷ್ಯ.

"ಕೂತ್ಕೋ ಮಗನೇ. ಆಕೆ ವಯಸ್ಸು ಎಷ್ಟು ಅಂತ ಗೊತ್ತು ತಾನೇ?"

"ಬಲ್ಲೆನು. ಆ ಕಾಲದವೇ ಶ್ರೇಷ್ಠ. ಈಗಿನವುಗಳಲ್ಲಿ ಬರೀ ಪ್ಲಾಸ್ಟಿಕ್ಕು."

ಪಾದ್ರಿಗಳು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. "ಅಲ್ಲಪ್ಪ, ನಿನ್ನೂರಲ್ಲಿ... ಇದಕ್ಕೆ ಮುಂಚೆ ಬೇರೆ ಯಾರಾದ್ರೂ ಇದ್ರಾ?"

ಪ್ರೆಬೆನ್ ನಾಚಿ ತಲೆ ತಗ್ಗಿಸಿದ. "ಇಬ್ಬರಿರುವರು. ಆದರೆ ಪೂರ್ಣರೂಪದಲ್ಲಲ್ಲ; ಬಿಡಿಬಿಡಿ ಭಾಗಗಳಾಗಿ. ಪೆಟ್ಟಿಗೆಯಲ್ಲಿ ತುಂಬಿ ತಂದಿರುವೆನು. ಮಂಚದಡಿ ಇರಿಸಿರುವೆನು."

ಪಾದ್ರಿಗಳ ಕೈ ತಾನಾಗಿಯೇ ಶಿಲುಬೆಯ ಗುರುತು ಮಾಡಿತು. "ಆಕೆಯನ್ನೂ..."

"ಅವಶ್ಯವಾಗಿ! ಚಳಿಗಾಲದಲ್ಲಿ ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮರಳಿ ಜೋಡಿಸತಕ್ಕದ್ದು."

ಪಾದ್ರಿ ಲಂಬೆರ್ತೊ ಓಡಿದ್ದನ್ನು ರೊಕ್ಕಾಸ್ಪಿನಾದಲ್ಲಿ ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಅಂದು ಪೊಲೀಸ್ ಠಾಣೆಯವರೆಗಿನ ಬೀದಿಯವರೆಲ್ಲ ಕಂಡರು.

ಠಾಣೆಯ ಮಾರ್ಷಲ್ಲರು ದಕ್ಷಿಣದ ಕಡೆಯ ಗಂಭೀರ ಮನುಷ್ಯ. ಟೋಪಿ ಸರಿಪಡಿಸಿಕೊಂಡು ಮಹಡಿಯ ಕೋಣೆಗೆ ಬಂದರು. ಮೆಟ್ಟಿಲ ಕೆಳಗೆ ಪಾದ್ರಿ, ಒರೆಸ್ತೆ, ಜೆಲಿಂದಾ ಉಸಿರು ಬಿಗಿಹಿಡಿದು ನಿಂತರು.

"ಪೆಟ್ಟಿಗೆ ತೆಗೀರಿ."

ಪ್ರೆಬೆನ್ ಹೆಮ್ಮೆಯಿಂದ ತೆಗೆದ. ಬಟ್ಟೆಯಲ್ಲಿ ಸುತ್ತಿದ ಬ್ರೇಕಿನ ಡ್ರಮ್ಮು, ಪಿಸ್ಟನ್ನು, ಒಂದು ಕಾರಿನ ಹೆಡ್‌ಲೈಟು, ಒಡೆದ ಸ್ಪೀಡೋಮೀಟರು. ಮಾರ್ಷಲ್ಲರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಬಹಳ ಹೊತ್ತು ಕೆಳಗೆ ಬರಲಿಲ್ಲ. ಅವರ ತಂದೆಯ ಹತ್ತಿರವೂ ಅಂಥದೇ ಹೆಡ್‌ಲೈಟಿನ ಕಾರು ಇತ್ತಂತೆ.

"ಭಾಗಗಳೇ. ಆದ್ರೆ ಗಾಡೀವು," ಎಂದರು ಕೊನೆಗೆ ಇಳಿದುಬಂದು. "ಮನುಷ್ಯ ಸ್ವಲ್ಪ ಹುಚ್ಚ, ಆದ್ರೆ ಚಿನ್ನದಂಥವನು. ಪಾದ್ರಿಗಳೇ, ಧೈರ್ಯವಾಗಿ ಮದುವೆ ಮಾಡಿಸಿ."

ಪಾದ್ರಿಗಳಿಗೆ ಹೋದ ಜೀವ ಬಂದಂತಾಯಿತು. ಬೇರೆ ಹೆಂಗಸರಿಲ್ಲ ಅಂದ ಮೇಲೆ ಇವನ ಮನಸ್ಸಿನಲ್ಲಿರುವ ಹೆಂಗಸು ಎರ್ಸಿಲಿಯಾ ಒಬ್ಬಳೇ ಎಂದು ಅವರ ಲೆಕ್ಕ ಇನ್ನಷ್ಟು ಗಟ್ಟಿಯಾಯಿತು.

ಇಷ್ಟೆಲ್ಲ ನಡೆದರೂ ಎರ್ಸಿಲಿಯಾಳ ಕಿವಿಗೆ ಮಾತ್ರ ಏನೂ ಬಿದ್ದಿರಲಿಲ್ಲ. ಮದುಮಗಳಿಗೆ ಮದುವೆಯ ಸುದ್ದಿ ಯಾರು ಹೇಳುತ್ತಾರೆ? ಹೇಳಿದವನು ಗೌದೆನ್ಸಿಯೊ. ಕೈಯಲ್ಲಿ ದೊಣ್ಣೆ ಹಿಡಿದು ಅಂಗಳಕ್ಕೆ ನುಗ್ಗಿದ.

"ಅತ್ತಿಗೆ! ಈ ವಯಸ್ಸಲ್ಲಿ ಮದುವೆ ಆಗ್ತೀಯಂತೆ. ಆಗು, ನಾನ್ಯಾರು ಬೇಡ ಅನ್ನೋಕೆ! ಆದ್ರೆ ಅಣ್ಣನ ಗಾಡಿ ಮನೆತನ ಬಿಟ್ಟು ಹೊರಗೆ ಹೋಗಬಾರದು. ಇವತ್ತೇ ನನ್ನ ಕೊಟ್ಟಿಗೆಗೆ ತಳ್ಕೊಂಡು ಹೋಗ್ತೀನಿ."

ಎರ್ಸಿಲಿಯಾ ಬಾಯಿ ತೆರೆದಳು. ಕೋಳಿಗೂಡಿನ ಬಾಗಿಲಿನಿಂದ ಎರಡು ಚರ್ಮದ ಕಾಲು ಹೊರಗೆ ಚಾಚಿದ್ದವು; ಒಳಗೆ ಪ್ರೆಬೆನ್ ಗಾಡಿಯ ಕೆಳಗೆ ಮಲಗಿ ಸಣ್ಣ ದನಿಯಲ್ಲಿ ಏನೋ ಹಾಡಿಕೊಳ್ಳುತ್ತಿದ್ದ. ಆಕೆ ಆ ಕಾಲುಗಳನ್ನು ನೋಡಿದಳು, ಮೈದುನನ ದೊಣ್ಣೆಯನ್ನು ನೋಡಿದಳು. 'ಯಾವ ಮದುವೆ?' ಎಂದು ಕೇಳಿದ ಗಳಿಗೆಯಲ್ಲೇ ಗಾಡಿ ಕೈಬಿಡುತ್ತದೆಂದು ಅವಳಿಗೆ ಹೊಳೆಯಿತು.

"ಹೊರಗೆ ಯಾಕೆ ಹೋಗುತ್ತೋ?" ಎಂದಳು ತಣ್ಣಗೆ. "ನೀನೇ ಹೇಳ್ತಿದೀಯಲ್ಲ, ಮದುವೆ ಅಂತ. ಆಮೇಲೆ ಅವರೂ ಮನೆತನದವರೇ ಅಲ್ವಾ?"

ಗೌದೆನ್ಸಿಯೊ ತನ್ನ ಮಾತಿನಲ್ಲೇ ಸಿಕ್ಕಿಬಿದ್ದು ದೊಣ್ಣೆ ಕೆಳಗಿಳಿಸಿದ. ಆ ಗಳಿಗೆಯಲ್ಲಿ ಪ್ರೆಬೆನ್ ಗೂಡಿನಿಂದ ತಲೆ ಹೊರಹಾಕಿ, "ಮಾನ್ಯರೇ, ಇವಳ ಕೆಳಭಾಗದಿಂದ ಸ್ವಲ್ಪ ಸೋರಿಕೆ ಇದೆ, ಚಿಂತಿಸತಕ್ಕದ್ದಲ್ಲ" ಎಂದ. ಗೌದೆನ್ಸಿಯೊ ಅತ್ತಿಗೆಯ ಮುಖವನ್ನೂ ನೋಡಲಾರದೆ ಹೊರಟುಹೋದ. ಎರ್ಸಿಲಿಯಾ ಏಪ್ರನ್ನಿನ ಅಂಚನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ಅರ್ತೂರೊ ಸತ್ತ ಮೇಲೆ ಅವಳು ಅಷ್ಟು ನಕ್ಕಿರಲಿಲ್ಲ.

ಭಾನುವಾರ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಟ್ರ್ಯಾಕ್ಟರುಗಳಿಗೆ ಹೂ ಕಟ್ಟಿದ್ದರು. ಉದ್ದನೆಯ ಮೇಜುಗಳಿಗೆ ಬಿಳಿ ಬಟ್ಟೆ ಹಾಸಿ, ಊರ ಹೆಂಗಸರೆಲ್ಲ ಸೇರಿ ಸಾರಿನಲ್ಲಿ ತೇಲುವ ತೊರ್ತೆಲ್ಲಿನಿ ಕಡುಬು ಮಾಡಿದ್ದರು. ಮದುಮಕ್ಕಳ ಮೇಲೆ ಅಕ್ಷತೆಯ ಹಾಗೆ ಎರಚಲು ಸಕ್ಕರೆ ಸವರಿದ ಬಾದಾಮಿಯ ಬುಟ್ಟಿ ಬೇರೆ. ಊರ ಬ್ಯಾಂಡಿನವರು ಗೊತ್ತಿದ್ದ ಒಂದೇ ಧಾಟಿಯನ್ನು ತಿರುತಿರುಗಿ ಬಾರಿಸಿದರು. ಗುತ್ಸಿಯನ್ನು ಬಿಳಿ ಚಾದರ ಹೊದೆಸಿ ನಡುವೆ ನಿಲ್ಲಿಸಿದ್ದರು. ಅದರ ಪಕ್ಕದಲ್ಲಿ ನೀಲಿ ಉಡುಪಿನ ಎರ್ಸಿಲಿಯಾ.

ಪ್ರೆಬೆನ್ ಚೌಕಕ್ಕೆ ಕಾಲಿಟ್ಟದ್ದೇ ತಡ, ಬಾದಾಮಿಯ ಮಳೆ ಸುರಿಯಿತು.

"ಮಗನೇ," ಎಂದರು ಪಾದ್ರಿ ಲಂಬೆರ್ತೊ, ತೀರ್ಥದ ಪಾತ್ರೆ ಹಿಡಿದು, "ಮನಸ್ಸಿನಲ್ಲಿರೋದನ್ನ ಊರಿನ ಮುಂದೆ ಹೇಳಿಬಿಡು."

ಪ್ರೆಬೆನ್ ಗಂಟಲು ಸರಿಪಡಿಸಿಕೊಂಡ. "ಮಹಾಜನರೇ! ಬಾಲ್ಯದಿಂದ ಇವಳ ಚಿತ್ರವನ್ನು ಎದೆಯಲ್ಲಿಟ್ಟುಕೊಂಡು ಮಲಗಿದೆನು. ಇಂದು ಇವಳು ನನ್ನ ಕೈಕೆಳಗೆ ಮಿಡಿಯುವಳು. ಇನ್ನು ಸಾಯುವವರೆಗೆ ಇವಳನ್ನು ಬಿಡತಕ್ಕದ್ದಲ್ಲ!"

ಹೆಂಗಸರು ಕಣ್ಣೊರೆಸಿಕೊಂಡರು. ಜೆಲಿಂದಾ ಗಟ್ಟಿಯಾಗಿಯೇ ಅತ್ತಳು. ಪ್ರೆಬೆನ್ ನಾಲ್ಕು ಹೆಜ್ಜೆ ಮುಂದೆ ಬಂದು, ಎರ್ಸಿಲಿಯಾಳನ್ನು ದಾಟಿ, ಚಾದರವನ್ನು ಎಳೆದು, ಗುತ್ಸಿಯ ಮುಂದೆ ಮೊಣಕಾಲೂರಿ, ಅದರ ಪೆಟ್ರೋಲ್ ಟ್ಯಾಂಕಿಗೆ ಮುತ್ತು ಕೊಟ್ಟ.

ಬ್ಯಾಂಡಿನ ತುತ್ತೂರಿ ಅರ್ಧಕ್ಕೆ ಕೆಮ್ಮಿ ನಿಂತಿತು.

"ಇದೇನಿದು?" ಎಂದು ಗೌದೆನ್ಸಿಯೊ ಗುಡುಗಿದ. "ಇವನು ಮದುವೆ ಆಗ್ತಿರೋದು ಯಾರನ್ನ?"

"ಮದುವೆ?" ಎಂದ ಪ್ರೆಬೆನ್. ಆ ಪದ ಯಾವ ರಿಪೇರಿ ಪುಸ್ತಕದಲ್ಲೂ ಇರಲಿಲ್ಲ.

"ನಾನು ಕಿವಿಯಾರೆ ಕೇಳಿದೀನಿ!" ಎಂದು ಜೆಲಿಂದಾ ಚೀರಿದಳು. "ಹಿಂಭಾಗ ದೃಢವಾಗಿದೆ ಅಂದ!"

"ಮಡ್‌ಗಾರ್ಡಿನ ವಿಷಯ ಕಣೇ ಅದು," ಎಂದಳು ಎರ್ಸಿಲಿಯಾ. "ಮದುವೆ ಆಗ್ತೀನಿ ಅಂತ ನಾನು ಯಾವತ್ತಾದ್ರೂ ಹೇಳಿದೀನಾ? ನೀವೇ ಹೇಳಿದ್ರಿ, ನೀವೇ ಅಡುಗೆ ಮಾಡಿದ್ರಿ. ಚೆನ್ನಾಗಿದೆ ಅಂತ ಸುಮ್ಮನಿದ್ದೆ."

ಚೌಕದ ತುಂಬ ಗದ್ದಲವೆದ್ದಿತು. ಗೌದೆನ್ಸಿಯೊ ದೊಣ್ಣೆಯಿಂದ ಕಲ್ಲುಹಾಸನ್ನು ಕುಟ್ಟಿದ. "ಮದುವೆ ಇಲ್ಲ ಅಂದ್ರೆ ಗಾಡಿನೂ ಇಲ್ಲ! ಬೀದೀಲಿ ಹೋಗೋನಿಗೆ ಕೊಡೋಕೆ ನಮ್ಮಣ್ಣ ಬಿಟ್ಟು ಹೋದ್ನಾ ಇದನ್ನ? ರೇಸಿನೋನಂತೆ, ರೇಸಿನೋನು! ಬಂದಾಗಿಂದ ಒಂದು ದಿನ ಗಾಡಿ ಮೇಲೆ ಕೂತಿದ್ದು ಕಂಡಿದೀರಾ ಯಾರಾದ್ರೂ? ಮಾರ್ಷಲ್ ಸಾಹೇಬ್ರೇ, ನಿಮ್ಮೆದುರಿಗೇ ಹೇಳ್ತೀನಿ: ಈ ಡೆನ್ಮಾರ್ಕಿನೋನು ಈ ಗಾಡಿ ಮೇಲೆ ಕೂತು, ಗುಡ್ಡದ ಮೇಲಿನ ದೇವಮಾತೆಯ ಗುಡಿ ತನಕ ಹೋಗಿ, ಬೀಳದೆ ವಾಪಸ್ ಬಂದ್ರೆ, ನನ್ನ ಹಕ್ಕು ಬಿಟ್ಟೆ. ಇಲ್ಲ ಅಂದ್ರೆ ಇವತ್ತೇ ನನ್ನ ಕೊಟ್ಟಿಗೆಗೆ!"

"ಆಗಲಿ," ಎಂದರು ಮಾರ್ಷಲ್ಲರು. ಎಲ್ಲರ ಕಣ್ಣೂ ಪ್ರೆಬೆನ್ನನ ಮೇಲೆ. ಗುಡಿಯ ದಾರಿ ಗುಡ್ಡದ ಸುತ್ತ ಸುರುಳಿ ಸುತ್ತಿಕೊಂಡು ಏರುತ್ತದೆ. ಒಂದೊಂದು ತಿರುವಿನಾಚೆಯೂ ಪ್ರಪಾತ. ಚರ್ಮದ ಉಡುಪಿನೊಳಗೆ ಪ್ರೆಬೆನ್ನನ ಬೆವರು ಬೂಟಿನವರೆಗೆ ಇಳಿಯಿತು. ಹೆಲ್ಮೆಟ್ಟನ್ನು ಒಮ್ಮೆ ಈ ಕೈಗೆ, ಒಮ್ಮೆ ಆ ಕೈಗೆ ಬದಲಾಯಿಸಿದ. ಕೊನೆಗೆ ಎರ್ಸಿಲಿಯಾಳ ಹತ್ತಿರ ಬಾಗಿ ಪಿಸುಗುಟ್ಟಿದ. ಮೊದಲ ಬಾರಿಗೆ ಅವನ ಬಾಯಿಂದ ಪುಸ್ತಕದ್ದಲ್ಲದ ಮಾತು ಬಂತು:

"ನಂಗೆ ಓಡಿಸೋಕೆ ಬರಲ್ಲ."

"ಗೊತ್ತು," ಎಂದಳು ಆಕೆ. "ಓಡಿಸೋರು ಬಟ್ಟೆನ ಅಷ್ಟು ಹೊಸದಾಗಿ ಇಟ್ಕೊಳಲ್ಲ. ಆ ಟೋಪಿ ಕೊಡಿ ಇಲ್ಲಿ."

ಹೆಲ್ಮೆಟ್ಟನ್ನು ತಲೆಗೇರಿಸಿ, ನೀಲಿ ಲಂಗವನ್ನು ಮಂಡಿಯವರೆಗೆ ಎತ್ತಿ ಕಟ್ಟಿ, ಎರ್ಸಿಲಿಯಾ ಗುತ್ಸಿಯ ಮೇಲೆ ಕಾಲು ಹಾಕಿ ಕೂತಳು. ಗೌದೆನ್ಸಿಯೊ ಅಡ್ಡ ಬಂದ.

"ಅತ್ತಿಗೆ, ಏನ್ಮಾಡ್ತಿದೀಯ! ನಿಂಗೆಲ್ಲಿ ಬರುತ್ತೆ?"

"ಯಾಕೆ ಬರಲ್ಲ? ಊಟ ಆದ್ಮೇಲೆ ನಿಮ್ಮಣ್ಣ ಮಲಗ್ತಿದ್ದ, ಊರೂ ಮಲಗ್ತಿತ್ತು. ಆಮೇಲೆ ಗಾಡಿ ತೆಗೀತಿದ್ದೋಳು ಯಾರು ಅಂದ್ಕೊಂಡೆ?"

ಒರೆಸ್ತೆಯ ಬಾಯಿ ತೆರೆದೇ ಉಳಿಯಿತು. "ಅಂದ್ರೆ ನಮ್ಮ ಮಧ್ಯಾಹ್ನದ ನಿದ್ದೆ ಕೆಡಿಸ್ತಿದ್ದಿದ್ದು ನೀವಾ? ಪಾಪ, ಅರ್ತೂರೊನ ಬೈದು ಬೈದು ಸಾಕಾಗಿತ್ತಲ್ಲ ನಮಗೆ!"

ಎರ್ಸಿಲಿಯಾ ಹಿಂದಿನ ಸೀಟನ್ನು ಕೈಯಿಂದ ತಟ್ಟಿ, "ಹತ್ತಿ ಸಿನ್ಯೋರ್. ಸೊಂಟ ಗಟ್ಟಿಯಾಗಿ ಹಿಡ್ಕೊಳಿ, ಊರು ಏನಾದ್ರೂ ಅಂದ್ಕೊಳ್ಳಲಿ" ಎಂದಳು. ಪ್ರೆಬೆನ್ ಹತ್ತಿದ. ಆಕೆ ಕಿಕ್ಕರಿನ ಮೇಲೆ ಪೂರ್ತಿ ಭಾರ ಬಿಟ್ಟು ಒದ್ದಳು. ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಒದ್ದಳು. ಕೋಳಿಗರಿಯೊಂದು ಹೊಗೆಕೊಳವೆಯಿಂದ ಹಾರಿಹೋಯಿತು. ಆಮೇಲೆ ಢಣ್, ಢಣ್, ಢಣ್ ಎಂದು, ದೊಡ್ಡ ಎದೆಯೊಳಗಿನ ಗುಂಡಿಗೆಯ ಹಾಗೆ, ಗುತ್ಸಿ ಬಡಿದುಕೊಳ್ಳತೊಡಗಿತು. ಟ್ರ್ಯಾಕ್ಟರಿನವರೆಲ್ಲ ಟೋಪಿ ತೆಗೆದರು.

ಆಕೆಯ ಲೈಸೆನ್ಸಿನ ಪ್ರಶ್ನೆ ಏಳಬಹುದಾಗಿತ್ತು. ಆದರೆ ಗಾಡಿ ಮುಂದೆ ಹಾದುಹೋಗುವ ಹೊತ್ತಿಗೆ ಸರಿಯಾಗಿ ಮಾರ್ಷಲ್ಲರಿಗೆ ಚರ್ಚಿನ ಗೋಪುರದಲ್ಲಿ ಏನೋ ಬಹಳ ಮುಖ್ಯವಾದದ್ದು ಕಂಡಿತು.

ಗುಡ್ಡದ ದಾರಿಯಲ್ಲಿ ಕೆಂಪು ಚುಕ್ಕೆ ಏರಿತು, ಮರೆಯಾಯಿತು, ಇನ್ನೂ ಮೇಲೆ ಕಾಣಿಸಿತು. ಮೊದಲ ತಿರುವಿನಲ್ಲಿ ಪ್ರೆಬೆನ್ ಕಣ್ಣು ಮುಚ್ಚಿಕೊಂಡಿದ್ದ. ಎರಡನೆಯದರಲ್ಲಿ ಒಂದು ಕಣ್ಣು ತೆರೆದ. ಗುಡಿ ಹತ್ತಿರವಾಗುವಾಗ ಅವನು ಎರಡೂ ಕಣ್ಣು ತೆರೆದು, ಕೆಳಗೆ ಹರಡಿದ ಬೆಟ್ಟಸಾಲನ್ನು ನೋಡುತ್ತ, ತನ್ನ ಸ್ವಂತ ಡ್ಯಾನಿಶ್ ಭಾಷೆಯಲ್ಲಿ ಜೋರಾಗಿ ಕೂಗುತ್ತಿದ್ದ. ಏನೆಂದು ಎರ್ಸಿಲಿಯಾಳಿಗೆ ತಿಳಿಯಲಿಲ್ಲ. ಆದರೆ ಅವಳೂ ಜೊತೆಗೆ ಕೂಗಿದಳು.

ಇಬ್ಬರೂ ಚೌಕಕ್ಕೆ ಮರಳಿದಾಗ ಬ್ಯಾಂಡಿನವರು ಧಾಟಿಯನ್ನೇ ಮರೆತು ಮನಸ್ಸಿಗೆ ಬಂದದ್ದು ಬಾರಿಸಿದರು; ಅದೇ ಚೆನ್ನಾಗಿತ್ತು. ಉಳಿದ ಬಾದಾಮಿಯೆಲ್ಲ ಗುತ್ಸಿಯ ಮೇಲೆ ಸುರಿಯಿತು.

"ಮೋಸ!" ಎಂದ ಗೌದೆನ್ಸಿಯೊ. "ಓಡಿಸಿದ್ದು ಅವನಲ್ಲ!"

ಮಾರ್ಷಲ್ಲರು ಟೋಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡರು. "ನೀವು ಹೇಳಿದ ಮಾತು ನಂಗೆ ಚೆನ್ನಾಗಿ ನೆನಪಿದೆ. ಗಾಡಿ ಮೇಲೆ ಕೂತು, ಅಂದ್ರಿ. ಕೂತಿದ್ದ. ಗುಡಿ ತನಕ ಹೋಗಿ, ಅಂದ್ರಿ. ಹೋದ. ಬೀಳದೆ ವಾಪಸ್, ಅಂದ್ರಿ. ಬಂದಿದಾನೆ. ಓಡಿಸಬೇಕು ಅಂತ ಎಲ್ಲಿ ಅಂದ್ರಿ?"

ಊರು ಚಪ್ಪಾಳೆ ತಟ್ಟಿತು. ಎರ್ಸಿಲಿಯಾ ಹೆಲ್ಮೆಟ್ಟು ತೆಗೆಯದೆಯೇ ಮುಂದಿನ ಏರ್ಪಾಟು ಘೋಷಿಸಿದಳು: ಗಾಡಿ ಸಿನ್ಯೋರ್ ಪ್ರೆಬೆನ್ನರದು, ಇರುವುದು ಅವಳ ಕೋಳಿಗೂಡಿನಲ್ಲೇ, ಅವರು ಕಲಿಯುವ ತನಕ ಓಡಿಸುವುದು ಅವಳು, ಕಲಿಯಲು ಅವರು ಅವಸರ ಮಾಡುವ ಹಾಗಿಲ್ಲ.

"ಸಮ್ಮತಿಸತಕ್ಕದ್ದು!" ಎಂದ ಪ್ರೆಬೆನ್. ರೊಕ್ಕಾಸ್ಪಿನಾದಲ್ಲಿ ಮದುವೆಯಾದ ಯಾವ ಮದುಮಗನ ಮುಖದಲ್ಲೂ ಅಂಥ ಕಳೆ ಕಂಡಿರಲಿಲ್ಲ.

ಊಟದ ಹೊತ್ತಿಗೆ ಗೌದೆನ್ಸಿಯೊ ಗುತ್ಸಿಯ ಹತ್ತಿರ ಬಂದು, ಹ್ಯಾಂಡಲ್ಲಿನ ಮೇಲೆ ಬೆರಳಿಟ್ಟು ನಿಂತ. ದೊಣ್ಣೆಯನ್ನು ಎಲ್ಲೋ ಬಿಟ್ಟು ಬಂದಿದ್ದ.

"ಅತ್ತಿಗೆ..."

"ಏನೋ?"

"ಅಣ್ಣ ಒಂದು ದಿನವೂ ನನ್ನನ್ನ ಹಿಂದೆ ಕೂರಿಸ್ಕೊಳ್ಳಲಿಲ್ಲ. ಎಷ್ಟು ಕೇಳಿದ್ರೂ."

ಎರ್ಸಿಲಿಯಾ ಹೆಲ್ಮೆಟ್ಟನ್ನು ಮತ್ತೆ ತಲೆಗೇರಿಸಿದಳು. "ಪಾದ್ರಿಗಳು ಆಗಲೇ ಕೇಳಿದಾರೆ. ಅವರಾದ್ಮೇಲೆ ಮಾರ್ಷಲ್. ಆಮೇಲೆ ನೀನು. ಹೋಗಿ ಸಾಲಲ್ಲಿ ನಿಂತ್ಕೋ."

ಗೌದೆನ್ಸಿಯೊ ಹೋಗಿ ಮಾರ್ಷಲ್ಲರ ಬೆನ್ನ ಹಿಂದೆ ನಿಂತ. ಪ್ರೆಬೆನ್ ಒಬ್ಬೊಬ್ಬರಿಗೂ ಕಾಲನ್ನು ಎಲ್ಲಿಡತಕ್ಕದ್ದು, ಎಲ್ಲಿಡತಕ್ಕದ್ದಲ್ಲ ಎಂದು ವಿವರಿಸುತ್ತ ಸಾಲಿನುದ್ದಕ್ಕೂ ಓಡಾಡಿದ. ಅಷ್ಟರಲ್ಲಿ ಜೆಲಿಂದಾ ಕೈಚೀಲ ಹಿಡಿದು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದಳು.

"ಸರೀರಿ, ಸರೀರಿ! ಈ ಸಂಬಂಧ ಕುದುರಿಸಿದ್ದು ಯಾರು? ಮೊದಲು ನಾನು!"

ಇದನ್ನು ಸುಳ್ಳು ಎನ್ನಲು ಪಾದ್ರಿಗಳಿಂದಲೂ ಆಗಲಿಲ್ಲ. ಎಲ್ಲರೂ ಜಾಗ ಬಿಟ್ಟರು. ಗುತ್ಸಿ ಚೌಕ ದಾಟಿ ಗುಡ್ಡವೇರಿತು. ಒಂದೊಂದು ತಿರುವಿನಲ್ಲೂ ಜೆಲಿಂದಾಳ ಕಿರುಚಾಟ ಊರಿಗೆಲ್ಲ ಕೇಳುತ್ತಿತ್ತು. ಅದರಡಿಯಲ್ಲಿ, ತಾಳ ತಪ್ಪದೆ, ಎಂಜಿನ್ನಿನ ಸದ್ದು. ಪ್ರೆಬೆನ್ ಕಣ್ಣು ಮುಚ್ಚಿ ನಿಂತು, ಎರಡನೆಯದನ್ನು ಮಾತ್ರ ಕೇಳಿಸಿಕೊಂಡ.